ಬಲಕ್ಕೆ ಜಾರದ ಕಾರು

ಭಾವ ಆ ದಿನ ಕೊನೆಯ ಸಲ ಕಾರಿನಿಂದ ಇಳಿದಾಗ ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟು, ಅದನ್ನೇ ನೋಡುತ್ತ ನಿಂತರು ಎಂದು ನಾನು ಹಲವರಿಗೆ ಹೇಳಿದ್ದೇನೆ. ಅಕ್ಕನ ಮೊಬೈಲಿನಲ್ಲಿರುವ ಫೋಟೋದಲ್ಲಿ ಹೆಲ್ಮೆಟ್ ಅವರ ಕಂಕುಳಲ್ಲಿದೆ. ಬಾನೆಟ್ಟಿನ ಮೇಲೆ ಒಂದು ನೀರಿನ ಬಾಟಲಿ ಮಾತ್ರ ಇದೆ. ಆ ಫೋಟೋ ತೆಗೆದು ಕಳಿಸಿದವನೂ ನಾನೇ. ಇಲ್ಲಿ ಬರೆಯುತ್ತಿರುವುದನ್ನೂ ಅದಕ್ಕೆ ತಕ್ಕಷ್ಟೇ ನಂಬಬೇಕು.

ಭಾವ ಎಂದರೆ ಅಕ್ಕನ ಗಂಡ. ಉಡುಪಿ ಕಡೆಯವರು, ಮನೆಮಾತು ತುಳು. ನಮ್ಮದು ಕನ್ನಡ. ಮದುವೆಯಾಗಿ ಮುಂಬೈಯ ವಡಾಲದಲ್ಲಿ ನಮ್ಮ ಬಿಲ್ಡಿಂಗಿಗೇ ಬಂದ ಮೇಲೆ ಅವರೂ ಕನ್ನಡಕ್ಕೆ ಒಗ್ಗಿಕೊಂಡರು. ಪರೇಲಿನ ಒಂದು ಹೋಟೆಲಿನಲ್ಲಿ ಅವರ ಕೆಲಸ. ದಿನಾ ಬೆಳಿಗ್ಗೆ ಬೈಕುಲ್ಲಾ ಮಾರ್ಕೆಟ್ಟಿನಿಂದ ತರಕಾರಿ ತುಂಬಿಸಿಕೊಂಡು ಟೆಂಪೋ ಓಡಿಸುವುದೂ ಅವರೇ. ಆ ಟೆಂಪೋದ ಕೀಯನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ.

ಅವರಿಗೆ ಒಂದು ವಿಚಿತ್ರ ಹುಚ್ಚಿತ್ತು, ಡ್ರಿಫ್ಟಿಂಗ್. ಹಿಂದಿನ ಚಕ್ರಗಳ ಹಿಡಿತವನ್ನು ಬೇಕೆಂದೇ ತಪ್ಪಿಸಿ, ಕಾರನ್ನು ಅಡ್ಡಕ್ಕೆ ಜಾರಿಸುತ್ತ ತಿರುವು ದಾಟಿಸುವ ಆಟ. ಇದಕ್ಕೆ ಎಂಜಿನ್ನು ಹಿಂದಿನ ಚಕ್ರಗಳನ್ನು ತಿರುಗಿಸುವ ಗಾಡಿ ಬೇಕು. ಭಾವನ ಹತ್ತಿರ ಇದ್ದದ್ದು ಒಂದು ಹಳೆಯ ಕಾರು. ಮುಂಬೈಯ ಟ್ಯಾಕ್ಸಿಗಳೆಲ್ಲ ಒಂದು ಕಾಲದಲ್ಲಿ ಅದೇ ಮಾದರಿಯವು. ವರ್ಷಕ್ಕೊಂದೆರಡು ಸಲ ಉಪನಗರಗಳ ಹುಡುಗರು ಸೇರಿ ವಡಾಲದಾಚೆ ಬಂದರಿನ ಕಡೆಯ ಒಂದು ಖಾಲಿ ಲಾರಿ ಮೈದಾನವನ್ನು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತಿದ್ದರು. ಅದಕ್ಕೆ ಟ್ರ್ಯಾಕ್ ಡೇ ಎಂಬ ದೊಡ್ಡ ಹೆಸರು. ಎರಡು ನೀಲಿ ಡ್ರಮ್ಮುಗಳನ್ನು ದೂರದೂರಕ್ಕೆ ಇಟ್ಟು, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಸುತ್ತುತ್ತ, ಜಾರುವುದು ನಿಲ್ಲದ ಹಾಗೆ ಇಂಗ್ಲಿಷಿನ ಎಂಟು ಬರೆಯಬೇಕು. ಭಾವನಿಗೆ ಅದು ಒಮ್ಮೆಯೂ ಪೂರ್ತಿ ಬಂದಿರಲಿಲ್ಲ. "ನನ್ನದು ಕನ್ನಡದ ಎಂಟು ಮಾರಾಯ, ಬಾಯಿ ಕೂಡುವುದೇ ಇಲ್ಲ" ಎನ್ನುತ್ತಿದ್ದರು.

ಆ ವರ್ಷ ಅವರ ಬಲಗಣ್ಣಿನಲ್ಲಿ ಗ್ಲಾಕೋಮಾ ಇದೆಯೆಂದು ಗೊತ್ತಾಯಿತು. ನೇರ ನೋಟ ಚೆನ್ನಾಗಿಯೇ ಇತ್ತು. ಬಲಬದಿಯ ಅಂಚು ಮಾತ್ರ ಸವೆಯುತ್ತ ಬಂದಿತ್ತು. ಪರೇಲಿನ ಆಸ್ಪತ್ರೆಯಲ್ಲಿ ಒಂದು ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಭಾವ ಕಾಣದಿದ್ದಾಗಲೂ ಅಂದಾಜಿನ ಮೇಲೆ ಒತ್ತಿದರು. ಯಂತ್ರ ಅದನ್ನೂ ಬರೆದುಕೊಳ್ಳುತ್ತದಂತೆ. ಡಾಕ್ಟರಮ್ಮ ಬೈದು, ಎಡಗಣ್ಣಿಗೆ ಏನೂ ಆಗಿಲ್ಲ, ಆದರೂ ರಾತ್ರಿ ಗಾಡಿ ಓಡಿಸಬೇಡಿ, ಹಗಲಿನ ವಿಷಯ ಮುಂದಿನ ಟೆಸ್ಟ್ ನೋಡಿ ಹೇಳುತ್ತೇನೆ ಎಂದು ಕಳಿಸಿದರು.

ಮನೆಗೆ ಬಂದ ಭಾವ ತಮ್ಮದೇ ಒಂದು ಟೆಸ್ಟ್ ಹೂಡಿದರು.

"ಯಂತ್ರಕ್ಕೆ ಎಂತ ಗೊತ್ತುಂಟು. ಮೈದಾನದಲ್ಲಿ ನೋಡುವ. ಒಂದು ಪೂರ್ತಿ ಎಂಟು ಬಂದ್ರೆ ಕಣ್ಣು ಸರಿ ಉಂಟು ಅಂತ ಲೆಕ್ಕ. ಬರದಿದ್ರೆ ಮರುದಿನವೇ ಕೀ ಕೊಡ್ತೇನೆ. ಟೆಂಪೋದ್ದೂ."

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನು. ಇದು ಪರೀಕ್ಷೆಯೇ ಅಲ್ಲ, ಕಣ್ಣು ಸರಿಯಿದ್ದು ಕಾರು ಕೆಟ್ಟಿದ್ದರೂ ಎಂಟು ತಪ್ಪಬಹುದಲ್ಲ ಎಂದೆ.

"ಹಾಗಾದ್ರೆ ಪ್ರೊಫೆಸರ್ರೇ, ಕಾರು ಸರಿ ಇಡುವುದು ನಿಮ್ಮ ಕೆಲಸ" ಎಂದರು ಭಾವ.

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: "ಅವರಿಗೆ ಕಣ್ಣಿಲ್ಲ, ನಿನಗೆ ತಲೆಯಿಲ್ಲ. ಒಳ್ಳೆ ಜೋಡಿ."

ಕಾರಿಗೆ ಹೊಸ ಟೈರು ಹಾಕಿಸಿ, ಬೈಕುಲ್ಲಾದಲ್ಲಿ ಚಕ್ರದ ಅಲೈನ್‌ಮೆಂಟ್ ಮಾಡುವ ಒಬ್ಬ ಮುದುಕನಿಗೆ ತೋರಿಸಿದೆವು. ಕೊಲ್ಹಾಪುರದ ಕಡೆಯವನು, ಬಾಯಿ ಬಿಟ್ಟರೆ ಮರಾಠಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಂದು ಕಡೆಯ ಟೈರು ಒಳಗೆ ಉಜ್ಜುತ್ತಿತ್ತು. ಚಕ್ರ ಎಷ್ಟರ ಮಟ್ಟಿಗೆ ತಿರುಗಬೇಕೆಂಬುದಕ್ಕೆ ಎಡಕ್ಕೊಂದು, ಬಲಕ್ಕೊಂದು ತಡೆಬೋಲ್ಟು ಇರುತ್ತದೆ. ಬಿಗಿ ಮಾಡಿದಷ್ಟೂ ಬೋಲ್ಟು ಮುಂದಕ್ಕೆ ಚಾಚಿ, ಚಕ್ರ ಆ ಕಡೆಗೆ ತಿರುಗುವುದು ಕಡಿಮೆಯಾಗುತ್ತದೆ. ಅವುಗಳಲ್ಲಿ ಒಂದನ್ನು ಅವನು ಬಿಗಿ ಮಾಡಿ ಉಜ್ಜುವುದನ್ನು ನಿಲ್ಲಿಸಿದ. ಯಾವುದನ್ನು ಎಂದು ನಾವಿಬ್ಬರೂ ನೋಡಲಿಲ್ಲ. ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು.

ಮೈದಾನಕ್ಕೆ ಹೋದಾಗ ಬಿಸಿಲು ಆಗಲೇ ಏರಿತ್ತು. ಸುತ್ತ ಬಣ್ಣಬಣ್ಣದ ವಿದೇಶಿ ಕಾರುಗಳು, ಬಾಯಿ ತೆರೆದ ಬಾನೆಟ್ಟುಗಳು. ನಮ್ಮ ಕಾರನ್ನು ನೋಡಿದ ಹುಡುಗನೊಬ್ಬ ಕಿಟಕಿಗೆ ಬಗ್ಗಿ, ಟ್ಯಾಕ್ಸಿಯವನನ್ನು ಕೇಳುವ ಹಾಗೆ ಕೇಳಿದ: "ಅಂಕಲ್, ದಾದರ್ ಚಲೋಗೆ ಕ್ಯಾ?"

"ದಾದರ್ ನಹೀಂ" ಎಂದರು ಭಾವ ಮುಖ ತಿರುಗಿಸದೆ. "ಸಿರ್ಫ್ ಏರ್‌ಪೋರ್ಟ್."

ಮೊದಲ ಸುತ್ತಿನಲ್ಲೇ ತೊಂದರೆ ಕಾಣಿಸಿತು. ಎಡಕ್ಕೆ ಸುತ್ತುವ ಡ್ರಮ್ಮನ್ನು ಭಾವ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ದಾಟಿದರು. ಬಲಕ್ಕೆ ಸುತ್ತುವಲ್ಲಿ ಹಿಂಭಾಗ ಜಾರಲು ಶುರುವಾದದ್ದೇ ಕಾರು ಬುಗುರಿಯಂತೆ ಗಿರಕಿ ಹೊಡೆದು ಉಲ್ಟಾ ನಿಂತಿತು. ಎರಡನೆಯ ಸಲವೂ ಹಾಗೇ ಆಯಿತು. ಹಿಂದಿನ ಟೈರಿನ ಗಾಳಿ ಹೆಚ್ಚು ಮಾಡಿ ಎಂದ ಒಬ್ಬ. ಮಾಡಿದೆವು. ಕಡಿಮೆ ಮಾಡಿ ಎಂದ ಇನ್ನೊಬ್ಬ. ಅದನ್ನೂ ಮಾಡಿದೆವು. ಎಡಕ್ಕೆ ಸರಿ, ಬಲಕ್ಕೆ ಗಿರಕಿ.

ಭಾವ ಹೆಲ್ಮೆಟ್ಟಿನ ಗಾಜು ಎತ್ತಿ, ತಮ್ಮ ಬಲಗೈಯನ್ನು ಕಿವಿಯ ಹತ್ತಿರದಿಂದ ನಿಧಾನ ಮುಂದಕ್ಕೆ ತಂದು ನೋಡಿಕೊಂಡರು. ಬೆರಳು ಎಲ್ಲಿ ಕಾಣಲು ತೊಡಗುತ್ತದೆಂದು ಅಳೆಯುತ್ತಿದ್ದರು. ನಾನು ನೋಡುತ್ತಿರುವುದು ತಿಳಿದ ಕೂಡಲೆ ಕಿವಿ ತುರಿಸಿಕೊಂಡರು.

ಆಗ ಬೈಕುಲ್ಲಾದ ಮುದುಕನಿಗೆ ಫೋನು ಮಾಡಿದೆವು. ಫೋನು ಭಾವನ ಕೈಯಲ್ಲಿತ್ತು ಎಂಬುದು ನನ್ನ ನೆನಪು. ಪಕ್ಕದಲ್ಲಿ ಯಾರೋ ಎಂಜಿನ್ನು ಅಬ್ಬರಿಸುತ್ತಿದ್ದರು. ಮುದುಕ ಹೇಳಿದ್ದು ಇಷ್ಟು: ನಾನು ಬಿಗಿ ಮಾಡಿದ ಬೋಲ್ಟನ್ನು ಸಡಿಲ ಮಾಡಿ, ಟೈರು ಸ್ವಲ್ಪ ಉಜ್ಜಿದರೆ ಉಜ್ಜಲಿ. ಯಾವ ಕಡೆಯದು ಎಂದು ಕೇಳಿದ್ದಕ್ಕೆ ಒಂದೇ ಪದದ ಉತ್ತರ ಬಂತು.

ಮರಾಠಿಯಲ್ಲಿ ಡಾವಾ ಎಂದರೆ ಎಡ. ಹಿಂದಿಯಲ್ಲಿ ದಾಯಾ ಎಂದರೆ ಬಲ. ಇಷ್ಟು ವರ್ಷ ಈ ಊರಿನಲ್ಲಿದ್ದರೂ ಇವೆರಡು ನಮ್ಮ ಕಿವಿಯಲ್ಲಿ ಬೇರೆಯಾಗಿ ಕೂತಿಲ್ಲ. ಬೇರೆಯಾಗುವ ಅಗತ್ಯವೂ ಬಂದಿರಲಿಲ್ಲ. ರಿಕ್ಷಾದವನಿಂದ ಹಿಡಿದು ತರಕಾರಿಯವನ ತನಕ ಎಲ್ಲರೂ ಲೆಫ್ಟ್, ರೈಟ್ ಎನ್ನುತ್ತಾರೆ, ಇಲ್ಲವೇ ಕೈ ತೋರಿಸುತ್ತಾರೆ. ಫೋನಿನಲ್ಲಿ ಕೈ ಕಾಣುವುದಿಲ್ಲ.

"ಬಲದ್ದಂತೆ ಮಾರಾಯ" ಎಂದರು ಭಾವ.

ನನಗೂ ಅದೇ ಸರಿಯೆನಿಸಿತು. ತೊಂದರೆ ಬಲಕ್ಕೆ ತಿರುಗುವಾಗಲ್ಲವೇ? ಡ್ರಿಫ್ಟಿಂಗಿನಲ್ಲಿ ಇದು ತಲೆಕೆಳಗು. ಬಲಕ್ಕೆ ಸುತ್ತುತ್ತ ಹಿಂಭಾಗ ಜಾರಿದಾಗ ಕಾರನ್ನು ಹಿಡಿದಿಡಲು ಮುಂದಿನ ಚಕ್ರಗಳನ್ನು ಎಡಕ್ಕೆ ಉಲ್ಟಾ ಕೊಡಬೇಕು. ಎಡಕ್ಕೆ ಸಾಕಷ್ಟು ತಿರುಗದ ಕಾರು ಬಲದ ಸುತ್ತಿನಲ್ಲಿ ಗಿರಕಿ ಹೊಡೆಯದೆ ವಿಧಿಯಿಲ್ಲ. ಇದನ್ನು ಎಷ್ಟೋ ವಿಡಿಯೋಗಳಲ್ಲಿ ನೋಡಿದ್ದ ನಾವಿಬ್ಬರೂ ಬಿಸಿಲಿನಲ್ಲಿ ಜಾಕ್ ಏರಿಸಿ ಬಲದ ಬೋಲ್ಟನ್ನೇ ಸಡಿಲ ಮಾಡಿದೆವು. ನಿಂತಲ್ಲೇ ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯ ತನಕ ತಿರುಗಿಸಿ ನೋಡಿದ್ದರೆ ಸಾಕಿತ್ತು. ನಮ್ಮ ಪಾಳಿ ಬಂದಿತ್ತು, ಬಾವುಟದವನು ಕರೆಯುತ್ತಿದ್ದ.

ಭಾವ ಹೋದರು. ಎಡದ ಡ್ರಮ್ಮಿನ ಸುತ್ತು ಅದುವರೆಗೆ ಯಾವತ್ತೂ ಬಾರದಷ್ಟು ಚೆನ್ನಾಗಿ ಬಂತು. ನಮ್ಮನ್ನು ಟ್ಯಾಕ್ಸಿ ಎಂದು ಛೇಡಿಸಿದ್ದ ಹುಡುಗ ಸಿಳ್ಳೆ ಹಾಕಿದ. ಕಾರು ಅಡ್ಡ ಹೊರಳಿ ಬಲದ ಡ್ರಮ್ಮಿಗೆ ಬಂತು, ಒಂದು ಕ್ಷಣ ಹೊಗೆಯೊಳಗೆ ತೂಗಿದ ಹಾಗೆ ನಿಂತಿತು, ಮತ್ತೆ ಗಿರಕಿ ಹೊಡೆದು ಡ್ರಮ್ಮನ್ನು ಬೀಳಿಸಿತು. ಇನ್ನೊಮ್ಮೆ ಹೋದರು. ಇನ್ನೂ ಒಮ್ಮೆ.

ಇಳಿದು ಬಂದು ಕೇಳಿದರು: "ಬೋಲ್ಟ್ ಸರಿ ಮಾಡಿದ್ದು ಹೌದಲ್ಲ?"

"ಹೌದು ಭಾವ."

"ಹಾಗಾದ್ರೆ ಕಾರಿನದ್ದು ಎಂತ ಇಲ್ಲ."

ಸ್ಟಿಯರಿಂಗ್ ಎಡಕ್ಕೆ ಬೇಗ ತಾಗುತ್ತದೆ ಎಂದು ಅವರು ಆಗಲೇ ಹೇಳಿದ್ದರೇ? ಹೇಳಿದ್ದರು ಎಂದು ಕೆಲವು ದಿನ ಅನಿಸುತ್ತದೆ. ಆ ಮಾತು ಅವರದೇ ದನಿಯಲ್ಲಿ ಕೇಳಿಸುತ್ತದೆ. ಆಮೇಲೆ ತಿಳಿದದ್ದನ್ನು ನನ್ನ ತಲೆಯೇ ಹಿಂದಕ್ಕೊಯ್ದು ಅವರ ಬಾಯಲ್ಲಿ ಇಟ್ಟಿರಬಹುದು.

ಮರುದಿನ ಭಾವ ಟೆಂಪೋದ ಕೀಯನ್ನು ಹೋಟೆಲಿನ ಯಜಮಾನರ ಮೇಜಿನ ಮೇಲಿಟ್ಟರು. ಅವರಿಗೆ ಕೌಂಟರಿನಲ್ಲಿ ಕೂಪನ್ ಹರಿದು ಕೊಡುವ ಕೆಲಸವಾಯಿತು. ಕಾರನ್ನು ಗುಜರಿಗೆ ಮಾತಾಡಿದರು. ಅಕ್ಕ ನೆಮ್ಮದಿಯಾದಳು ಎಂದುಕೊಂಡಿದ್ದೆ, ಹಾಗೆ ಕಾಣಲಿಲ್ಲ. ಬೆಳಿಗ್ಗೆ ಬೇಗ ಏಳುವ ಅಗತ್ಯವಿಲ್ಲದಿದ್ದರೂ ಗಂಡ ಎದ್ದು ಹೊರಗಿನ ಕೋಣೆಯಲ್ಲಿ ಸುಮ್ಮನೆ ಕೂರುತ್ತಾರೆ ಎಂದು ಒಂದು ಸಲ ಹೇಳಿದಳು.

ಗುಜರಿಯವರು ಬಂದ ದಿನ ಭಾವ ಕೆಳಗೆ ಇಳಿಯಲಿಲ್ಲ. ಇಬ್ಬರು ಹಿಂದಿನಿಂದ ದೂಡಿದರು, ನಾನು ಸ್ಟಿಯರಿಂಗ್ ಹಿಡಿದೆ. ಕಾಂಪೌಂಡಿನ ಗೇಟಿನಲ್ಲಿ ಎಡಕ್ಕೆ ತಿರುಗಬೇಕು. ತಿರುಗಲಿಲ್ಲ. "ಪೂರಾ ಕಾಟೋ ಸಾಬ್, ಪೂರಾ" ಎಂದು ಹಿಂದಿನಿಂದ ಕೂಗಿದರು. ಪೂರಾ ತಿರುಗಿಸಿಯೇ ಇದ್ದೆ. ಬಲಕ್ಕೆ ತಿರುಗಿಸಿದರೆ ಚಕ್ರ ಎಲ್ಲಿಯವರೆಗೋ ಹೋಗುತ್ತಿತ್ತು. ಇಳಿದು, ನೆಲಕ್ಕೆ ಕೆನ್ನೆ ತಾಗಿಸಿ ನೋಡಿದೆ. ಬಲದ ಬೋಲ್ಟಿನಲ್ಲಿ ನಾವು ಸಡಿಲಿಸಿದಾಗ ಹೊರಬಂದ ತಿರುಪಿನ ಎಳೆಗಳು ಹೊಳೆಯುತ್ತಿದ್ದವು. ಎಡದ್ದು ಉದ್ದಕ್ಕೆ ಚಾಚಿ, ಮುದುಕ ಬಿಟ್ಟಂತೆಯೇ ಇತ್ತು. ಗುಜರಿಯವರು ಹಿಂದಕ್ಕೂ ಮುಂದಕ್ಕೂ ದೂಡಿ ಹೇಗೋ ಗೇಟು ದಾಟಿಸಿದರು. ನಾನು ಅವರನ್ನು ತಡೆಯಲಿಲ್ಲ.

ಮೊದಲು ಬೈಕುಲ್ಲಾಕ್ಕೆ ಹೋದೆ. ಮುದುಕನಿಗೆ ನಮ್ಮ ಕಾರೂ ನೆನಪಿರಲಿಲ್ಲ, ಫೋನೂ ನೆನಪಿರಲಿಲ್ಲ. "ಡಾವಾ ಸಾಂಗಿತಲಾ ಅಸೇಲ್. ಕಿಂವಾ ಉಜವಾ" ಎಂದ. ಎಡ ಹೇಳಿರಬಹುದು, ಇಲ್ಲವೇ ಬಲ.

ಅಲ್ಲಿಂದ ಪರೇಲಿಗೆ ಬಂದೆ. ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ಕೌಂಟರಿನ ಎದುರು ನಿಂತು ಎಲ್ಲವನ್ನೂ ಹೇಳಿದೆ. ಭಾವ ಕೂಪನ್ನುಗಳನ್ನು ಜೋಡಿಸುತ್ತ ಕೇಳಿದರು.

"ನಾನು ಬಲ ಅಂತ ಹೇಳಿದ್ದಾ? ಫೋನು ನಿನ್ನ ಕೈಯಲ್ಲಿತ್ತು ಮಾರಾಯ. ನನ್ನ ಕೈಗೆ ಗ್ರೀಸ್ ಆಗಿತ್ತಲ್ಲ."

"ಇಲ್ಲ ಭಾವ, ನಿಮ್ಮ ಕೈಯಲ್ಲೇ ಇತ್ತು."

"ಆಯ್ತು. ನನ್ನ ಕೈಯಲ್ಲೇ ಇರ್ಲಿ."

"ಯಾರ ಕೈಯಲ್ಲಿದ್ದರೂ ಒಂದೇ. ಕಣ್ಣಿನದ್ದಲ್ಲ, ಬೋಲ್ಟಿನದ್ದು. ಅದು ಟೆಸ್ಟೇ ಆಗಲಿಲ್ಲ. ನೀವು ಕೀ ಕೊಡಬೇಕಾಗಿರಲಿಲ್ಲ."

ಅವರು ಕೂಪನ್ನಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದರು.

"ಕಾರಿನದ್ದೇ ತಪ್ಪು ಅಂತಾದ್ರೆ ನಾಳೆ ಬೆಳಿಗ್ಗೆ ನಾನು ಪುನಃ ಕೀ ಕೇಳ್ಬೇಕಾಗ್ತದೆ. ಕೇಳಿದ್ರೆ ಯಜಮಾನರು ಕೊಡ್ತಾರೆ. ಒಳ್ಳೆ ಜನ. ಅದೇ ಹೆದರಿಕೆ ನನಗೆ." ಕಟ್ಟನ್ನು ಡ್ರಾಯರಿಗೆ ಹಾಕಿ ಹೇಳಿದರು: "ನೀನು ಇದನ್ನು ನಿನ್ನ ಅಕ್ಕನಿಗೆ ಹೇಳ್ಬೇಡ. ನನಗೂ ಇನ್ನೊಮ್ಮೆ ಹೇಳ್ಬೇಡ."

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ನೋಟು ಚಾಚಿ ನಿಂತಿದ್ದ. ಭಾವ ಅವನನ್ನು ಗಮನಿಸಲಿಲ್ಲ. ಅವನು ನೋಟನ್ನು ಅಲ್ಲಾಡಿಸಿದ, ಆಗಲೂ ಅವರು ನನ್ನನ್ನೇ ನೋಡುತ್ತಿದ್ದರು. ನಾನು ಅವರ ಮೊಣಕೈ ಮುಟ್ಟಿದೆ. ಕೂಡಲೆ ಇಡೀ ತಲೆಯನ್ನೇ ಅತ್ತ ತಿರುಗಿಸಿ, "ಹಾಂ, ಬೋಲಿಯೇ" ಎಂದರು.

ಆ ಗಿರಾಕಿ ನಿಂತದ್ದು ಅವರ ಬಲಬದಿಗೆ ಎಂದು ಇಷ್ಟು ದಿನ ತಿಳಿದಿದ್ದೆ. ಹಾಗಾದರೆ ಬೋಲ್ಟು ಹೇಗಿದ್ದರೇನು, ಕಣ್ಣೂ ಹೋಗಿತ್ತು, ಕೀ ಕೊಟ್ಟದ್ದು ಸರಿಯೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ. ಕಳೆದ ವಾರ ಮತ್ತೆ ಹೋದಾಗ ನೋಡಿದೆ. ಭಾವ ಕೂರುವ ಕುರ್ಚಿಯ ಬಲಕ್ಕೆ ಗೋಡೆಯಿದೆ. ಅಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿಲ್ಲ. ಅವನು ಎಡಕ್ಕೆ ನಿಂತಿರಬೇಕು. ಎಡಗಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಆ ಮೊದಲ ಟೆಸ್ಟಿನಲ್ಲಿ. ಎರಡನೆಯದಕ್ಕೆ ಭಾವ ಹೋಗಿಲ್ಲ. ಹೋಗುವ ಎಂದರೆ, ಈಗ ಯಾವ ಗಾಡಿ ಬಿಡ್ಲಿಕ್ಕುಂಟು ನನಗೆ ಎನ್ನುತ್ತಾರೆ.