ಹೊರಮಾವಿನಲ್ಲಿ ಉಕ್ಕಿದ ಹಾಲು

ಕೆ.ಆರ್. ಪುರಂನಲ್ಲಿ ಇಳಿದೆ. ಮುಂದಿನ ರೈಲು ಸಂಜೆಗೆ. ಹೊರಮಾವಿನ ಚಿಕ್ಕಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮಹಡಿಯ ಬಾಡಿಗೆ ಮನೆಗೆ ಇವತ್ತು ನೇಪಾಳದ ಗಂಡಹೆಂಡತಿ ಬಂದರು. ಆತ ಆರು ವರ್ಷದಿಂದ ದೊಮ್ಮಲೂರಿನ ಆಫೀಸೊಂದರಲ್ಲಿ ಸೆಕ್ಯೂರಿಟಿ. ಅವಳು ದೇಶ ಬಿಟ್ಟು ಬಂದದ್ದು ಇದೇ ಮೊದಲು. ಹಾಲುಕ್ಕಿಸದೆ ಹೊಸ ಮನೆಯಲ್ಲಿ ಒಲೆ ಹಚ್ಚಬಾರದೆಂದು ಚಿಕ್ಕಮ್ಮ ತಾವೇ ಹಾಲು ಒಯ್ದು ಉಕ್ಕಿಸಿದರು. ಸಕ್ಕರೆ ಹಾಕಿ ಅವರಿಬ್ಬರಿಗೂ ನನಗೂ ಕೊಟ್ಟರು.

“ಆರು ವರ್ಷ ಆದ್ಮೇಲೆ ಹೆಂಡ್ತೀನ ಕರ್ಕೊಂಡ್ ಬಂದಿದ್ದೀಯ. ಕುಡೀರಪ್ಪ, ಒಳ್ಳೇದಾಗ್ಲಿ.”

ಅವಳು ಗಂಡನ ಮುಖ ನೋಡಿದಳು. ಇಬ್ಬರೂ ಲೋಟವನ್ನು ನೆಲಕ್ಕಿಟ್ಟರು.

“ಯಾಕೆ, ನಮ್ಮನೆ ಹಾಲು ಆಗಲ್ವಾ?” ಚಿಕ್ಕಮ್ಮನಿಗೆ ಸಿಟ್ಟೇ ಬಂತು.

“ಹಂಗಲ್ಲ ಆಂಟಿ. ನಮ್ಮಲ್ಲಿ ಅಮ್ಮ ತೀರ್ಕೊಂಡ್ರೆ ಒಂದು ವರ್ಷ ಹಾಲು ಮುಟ್ಟಲ್ಲ.”

ಚಿಕ್ಕಮ್ಮ ಅಲ್ಲೇ ಕೂತುಬಿಟ್ಟರು. “ಅಯ್ಯೋ ಪಾಪ. ಯಾವಾಗ ಹೋದ್ರಪ್ಪ?”

“ಹೋದ್ ತಿಂಗ್ಳು. ಇಷ್ಟು ವರ್ಷ ಇವ್ಳೇ ಅಮ್ಮನ್ನ ನೋಡ್ಕೊಳ್ತಿದ್ಲು. ಅದಕ್ಕೇ ಕರ್ಕೊಂಡ್ ಬರೋಕಾಗಿರ್ಲಿಲ್ಲ.”

ಕನ್ನಡ ಬಾರದ ಅವಳು ಒಲೆಯ ಮೇಲೆ ಚೆಲ್ಲಿದ್ದ ಹಾಲನ್ನು ಸೆರಗಿನಿಂದಲೇ ಒರೆಸತೊಡಗಿದಳು.

ನನ್ನ ಲೋಟ ಆಗಲೇ ಖಾಲಿಯಾಗಿತ್ತು. ಬಾಯಲ್ಲಿ ಉಳಿದ ಸಿಹಿಯನ್ನು ಏನು ಮಾಡಬೇಕೋ ತಿಳಿಯಲಿಲ್ಲ.