ನೊಗ ಕಾಣದ ಹೋರಿ

ಭಾವನ ಹೋರಿಯನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಭಾವನನ್ನು, ಅಂದರೆ ನನ್ನ ಗಂಡನ ಅಣ್ಣನನ್ನು ಕಂಡರೆ ಇನ್ನೂ ಹೆಚ್ಚು. ನಮ್ಮೂರು ಸವಡಿಯಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಬೆಳ್ಳನೆಯ ಎತ್ತರದ ಹೋರಿ, ಕೊಂಬಿಗೆ ದಿನಾ ಎಣ್ಣೆ. ಸುತ್ತಲಿನ ಊರಿನವರೆಲ್ಲ ತಮ್ಮ ಆಕಳನ್ನು ಅಲ್ಲಿಗೇ ಹೊಡೆದುಕೊಂಡು ಬರುತ್ತಿದ್ದರು.

ಬೀಜದ ಹೋರಿಯನ್ನು ನಮ್ಮವರು ನೋಡುವ ರೀತಿಯೇ ಹಾಗೆ. ಮೈಮೇಲೆ ಕೂದಲ ಸುಳಿ ಎಲ್ಲಿದೆ, ಬೆನ್ನ ಮೇಲಿನ ಡುಬ್ಬ, ಆ ಹಿಣಿಲು ಎಷ್ಟು ಎತ್ತರ, ಬಾಲ ಎಷ್ಟು ಉದ್ದ, ಮುಗಿಯಿತು. ಅದರ ಹೆಗಲಿಗೆ ಮಾತ್ರ ಯಾರೂ ನೊಗ ಇಡುವುದಿಲ್ಲ. ಅದು ಎಳೆಯುತ್ತದೋ ಇಲ್ಲವೋ ದೇವರಿಗೇ ಗೊತ್ತು. ನಮಗೆ ಗೊತ್ತಾಗುವುದು ಅದರ ಮಕ್ಕಳಿಗೆ ನೊಗ ಇಟ್ಟಾಗ. ಅಷ್ಟರಲ್ಲಿ ಮೂರು ವರ್ಷ ಕಳೆದು, ಅರ್ಧ ಊರಿನ ಕರುಗಳು ಅದರವೇ ಆಗಿರುತ್ತವೆ.

ನನ್ನ ತವರಿನಿಂದ ಬಂದ ಆಕಳು ಈ ಹೋರಿಗೆ ಈದ ಹೋರಿಗರುವನ್ನು ನಾನೇ ಸಾಕಿದೆ. ಅದಕ್ಕೆ ಮೂರು ವರ್ಷವಾದ ಮುಂಗಾರಿನಲ್ಲಿ ಕುಂಟೆ ಹೂಡಿದರೆ ನಾಲ್ಕನೇ ಸಾಲಿಗೆ ಮಣ್ಣಿನಲ್ಲಿ ಮಲಗಿಬಿಟ್ಟಿತು. ಹೊಡೆದರೂ ಏಳಲಿಲ್ಲ. ಇನ್ನೆರಡು ಮನೆಗಳಲ್ಲೂ ಇದೇ ಹಾಡು. ಅದೇ ಹೊತ್ತಿಗೆ ಆಕಳು ಮತ್ತೆ ಬೆದೆಗೆ ಬಂತು. ವಯಸ್ಸಾಗಿತ್ತು ಅದಕ್ಕೆ, ಆದರೆ ಇನ್ನೊಂದು ಕರು ಆದೀತು. ಒಂದೂ ಹೆಣ್ಣುಗರು ಹುಟ್ಟಿರಲಿಲ್ಲ; ತವರಿನ ತಳಿ ಉಳಿಯಬೇಕೆಂದರೆ ಇದೇ ಕೊನೆಯ ಆಸೆ.

“ಮನಿ ಹೋರಿ ಬಿಟ್ಟು ಬ್ಯಾರೆ ಕಡೆ ಹೋದ್ರ ಅಣ್ಣ ಏನಂದಾನು?” ಎಂದ ನನ್ನ ಗಂಡ. ಹಲ್ಲು ಕಚ್ಚಿಕೊಂಡು ಆಕಳನ್ನು ಭಾವನ ಅಂಗಳಕ್ಕೆ ಹೊಡೆದುಕೊಂಡು ಹೋದೆ.

ಅಲ್ಲಿ ಕೊಣ್ಣೂರಿನಿಂದ ಬಂದ ಇಬ್ಬರು ಹೋರಿಯ ಬೆನ್ನು ಸವರುತ್ತ, “ಆಹಾ, ಏನ್ ಸುಳಿ!” ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಅಪ್ಪನ್ನ ನೋಡಿದ್ದು ಸಾಕ್ರಿ. ಮಕ್ಕಳು ಹೊಲದಾಗ ಮಲಗ್ಯಾವ, ಹೋಗಿ ನೋಡ್ರಿ,” ಎಂದೆ.

ಭಾವ ನಕ್ಕರು. “ನೂಲಿನ ಹಾಂಗ ಸೀರಿ. ನಿನ್ನ ಆಕಳಾ ಮೈಗಳ್ಳಿ. ನನ್ನ ಹೋರೀದೇನ ತಪ್ಪು?”

“ಮೂರೂ ಮನಿ ಆಕಳಾ ಮೈಗಳ್ಳಿ ಏನ್ರಿ?”

“ನಮ್ಮ ಮನಿ ಹೋರಿಗರ ನೋಡು. ಮೊನ್ನಿ ಇಡೀ ದಿನಾ ಕುಂಟಿ ಎಳದೈತಿ!” ಎಂದು ಕೊಣ್ಣೂರಿನವರ ಕಡೆಗೆ ತಿರುಗಿ ಎದೆ ಉಬ್ಬಿಸಿದರು.

ಬಂದವರಿಗೆ ನೀರು ತಂದಿದ್ದ ಭಾವನ ಹೆಂಡತಿ ತಂಬಿಗೆ ಇಡುತ್ತ ಅಂದಳು, “ಅಯ್ಯ, ಅದು ಇದರದಲ್ಲಲ್ರಿ. ನಮ್ಮ ಆಕಳಾ ನೀವ ನರೇಗಲ್ಲಿನ ಹೋರಿಗೆ ಹೊಡಕೊಂಡು ಹೋಗಿದ್ರಲ್ಲ. ಮರತ್ರೇನು?”

ಕೊಣ್ಣೂರಿನವರು ಚಪ್ಪಲಿ ಹುಡುಕತೊಡಗಿದರು. ತನ್ನ ಆಕಳಿಗೆ ಬೇಡವಾದ ಬೀಜವನ್ನು ಈ ಮನುಷ್ಯ ಗೊತ್ತಿದ್ದೂ ನಮ್ಮ ಆಕಳಿಗೆಲ್ಲ ಕೊಟ್ಟಿದ್ದ! “ಥೂ ನಿಮ್ಮ,” ಎಂದು ಆಕಳನ್ನು ತಿರುಗಿಸಿಕೊಂಡು ಬಂದೆ.

ಮರುದಿನ ನರೇಗಲ್ಲು ಮುಟ್ಟುವ ಹೊತ್ತಿಗೆ ಬೆದೆ ಇಳಿದಿತ್ತು. ಆಮೇಲೆ ಅದು ಬೆದೆಗೆ ಬರಲೇ ಇಲ್ಲ.

“ಸೊಕ್ಕಿಗೆ ಆಕಳಾ ಗೊಡ್ಡ ಮಾಡ್ಕೊಂಡ್ಲು,” ಎಂದು ಭಾವ ಚಹಾದಂಗಡಿಯಲ್ಲಿ ಹೇಳುತ್ತ ಕೂರುತ್ತಾರಂತೆ. ಹೇಳಲಿ. ಆ ಗೊಡ್ಡು ಆಕಳಿಗೆ ನಾನು ದಿನಾ ಹಿಂಡಿ ಹಾಕುತ್ತೇನೆ, ಅವರ ಕಣ್ಣಿಗೆ ಕಾಣುವ ಹಾಗೆಯೇ. ತವರಿನ ತಳಿ ನನ್ನ ಕೈಯಲ್ಲೇ ಮುಗಿಯಿತಲ್ಲ ಎಂದು ಬಹಳ ಅತ್ತಿದ್ದೇನೆ. ಆ ಹೋರಿಗೆ ಬಿಡಲಿಲ್ಲವಲ್ಲ ಎಂದು ಒಂದು ದಿನವೂ ಅತ್ತಿಲ್ಲ.