ಫೈಟರ್ ಮಗಳ ಡಿಗ್ರಿ

ಅವಳ ಅಪ್ಪ ಸಿನಿಮಾ ಫೈಟರ್. ಹೀರೋಗಳಿಗೆ ಡೂಪ್ ಹಾಕುತ್ತಿದ್ದವರು. ಹೀರೋ ಮಹಡಿಯಿಂದ ಹಾರಿದರೆ ನಿಜಕ್ಕೂ ಹಾರುತ್ತಿದ್ದವರು ಇವರು. ಪೆಟ್ಟು ಇವರಿಗೆ, ಚಪ್ಪಾಳೆ ಅವನಿಗೆ. ಒಂದು ದಿನ ಸೊಂಟಕ್ಕೆ ಕಟ್ಟಿದ್ದ ರೋಪ್ ಕಿತ್ತುಹೋಗಿ, ಹಾಸಿದ್ದ ಹಾಸಿಗೆಗಳ ಆಚೆ ಬಿದ್ದರು. ಸೊಂಟ ಮುರಿಯಿತು. ಆಮೇಲೆ ಶೂಟಿಂಗ್ ಕಡೆ ತಲೆ ಹಾಕಿಯೂ ಮಲಗದೆ, ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತ ಕೂತರು.

ಮಗಳಿಗೋ ಸಿನಿಮಾವೇ ಬೇಕು. ಹನ್ನೆರಡನೇ ತರಗತಿ ಮುಗಿಯುತ್ತಲೇ ಮನೆಯಲ್ಲಿ ಬಾಯಿಗೊಂದು ಮಾತು. ಚಿಕ್ಕಪ್ಪ ಶೂಟಿಂಗ್ ಮ್ಯಾನೇಜರ್. ಸಿನಿಮಾಕ್ಕೆ ಯಾವ ಡಿಗ್ರಿಯೂ ಬೇಡ, ಹೆಣ್ಣುಮಕ್ಕಳಿಗೆ ಮೇಕಪ್ಪೋ ಬಟ್ಟೆಯೋ ಸಾಕು, ತಾನೇ ಸೇರಿಸುತ್ತೇನೆ ಎಂದರು. ಟೀಚರು, ಅಷ್ಟು ಹುಚ್ಚಿದ್ದರೆ ಸಿನಿಮಾ ಕಾಲೇಜಿದೆಯಲ್ಲ ಎಂದರು. ಅವಳು ಅಲ್ಲಿಗೂ ಹೋದಳು. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್ ಎಂದು ಮೇಷ್ಟರು ಹೇಳುತ್ತಾ ಹೋದರು. ಹಾರುವವನು ಬೀಳದ ಹಾಗೆ ರೋಪ್ ಕಟ್ಟುವುದನ್ನು ಯಾರು ಕಲಿಸುತ್ತಾರೆ ಎಂದು ಇವಳು ಕೇಳಿದಳು. ಮೇಷ್ಟರು ನಕ್ಕು, ಅದನ್ನೆಲ್ಲ ಫೈಟರ್‌ಗಳೇ ನೋಡಿಕೊಳ್ಳುತ್ತಾರಮ್ಮ ಎಂದರು. ನೋಡಿಕೊಂಡದ್ದರ ಫಲ ಅವಳ ಮನೆಯಲ್ಲೇ ಕುಂಟುತ್ತಿತ್ತು. ಎದ್ದು ಬಂದವಳು ನೇರ ಹೋಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದಳು.

ಮಗಳ ತಲೆಗೆ ಹತ್ತಿದ್ದ ಸಿನಿಮಾ ಭೂತ ಇಳಿಯಿತೆಂದು ಅಪ್ಪನಿಗೆ ಹಿಗ್ಗೋ ಹಿಗ್ಗು. ಮಿಕ್ಸಿ ತಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕು ವರ್ಷ ಸುಖವಾಗಿ ಕಳೆಯಬಹುದಿತ್ತು. ಆದರೆ ಕದ್ದುಮುಚ್ಚಿ ಮಾಡುವುದು ಅವಳ ಜಾಯಮಾನವಲ್ಲ.

"ಅಪ್ಪ, ಈಗ್ಲೇ ಹೇಳಿಬಿಡ್ತೀನಿ. ಓದು ಮುಗಿಸಿ ನಾನು ಹೋಗೋದು ಸಿನಿಮಾಕ್ಕೇ. ರೋಪ್ ಕೆಲಸಕ್ಕೆ. ಎಷ್ಟು ಭಾರಕ್ಕೆ ಎಂಥ ರೋಪ್ ಅನ್ನೋ ಲೆಕ್ಕ ಕಲಿಯೋಕೇ ಇದಕ್ಕೆ ಸೇರಿದ್ದು."

ಅಪ್ಪನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ನನ್ನ ಸೊಂಟ ನೋಡಿನೂ ಬುದ್ಧಿ ಬರ್ಲಿಲ್ವಾ ನಿಂಗೆ?"

"ಅದನ್ನ ನೋಡೇ ಬಂದಿದ್ದು."

ಅಂದಿನಿಂದ ಅಪ್ಪ ಅವಳೊಂದಿಗೆ ಮಾತು ಬಿಟ್ಟರು. ಎದುರಿಗೇ ಕೂತಿದ್ದರೂ, ಅವಳಿಗೆ ಊಟಕ್ಕೆ ಏಳು ಅನ್ನು ಎಂದು ಅಮ್ಮನಿಗೆ ಹೇಳುವರು. ಇವಳೂ ಅವರ ಮಗಳೇ; ಎದ್ದೆ ಅಂತ ಹೇಳಮ್ಮ ಎನ್ನುವಳು. ನಡುವೆ ಸಿಕ್ಕ ಅಮ್ಮ, ನಾನೇನು ಈ ಮನೆಯ ಟೆಲಿಫೋನೇ ಎಂದು ಪಾತ್ರೆ ಕುಕ್ಕುವಳು.

ರಜೆ ಬಂದರೆ ಅವಳು ಅಪ್ಪನ ಹಳೆಯ ಗೆಳೆಯ, ಫೈಟ್ ಮಾಸ್ಟರ್ ಹಿಂದೆ ಬೀಳುತ್ತಿದ್ದಳು. ಹೆಣ್ಣುಮಗಳು ರೋಪ್ ಮುಟ್ಟಿದ್ದನ್ನು ನೋಡಿಯೇ ಇಲ್ಲ ಎಂದು ಮಾಸ್ಟರ್ ಓಡಿಸಿದರು. ಹಾಗಾದರೆ ಈಗ ನೋಡಿ ಎಂದು ಮರುದಿನ ಮತ್ತೆ ನಿಂತಳು. ಬೆವರು ನಾರುವ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದಳು, ರಾಟೆಗಳಿಗೆ ಎಣ್ಣೆ ಬಿಟ್ಟಳು, ಅಂಗೈ ಸುಲಿಸಿಕೊಂಡಳು. ಡಿಗ್ರಿ ಕೈಗೆ ಬಂದಾಗ ಮಾಸ್ಟರೇ ಕರೆದು ಕೆಲಸ ಕೊಟ್ಟರು.

ಮೊದಲ ಚಿತ್ರದಲ್ಲೇ ಕಗ್ಗಂಟಾಯಿತು. ಅರ್ಧ ಕಟ್ಟಿದ ಕಟ್ಟಡದ ತುದಿಯಿಂದ ನರೆತ ಗಡ್ಡದ ಡೂಪ್ ಒಬ್ಬರು ಪಕ್ಕದ ಮಹಡಿಗೆ ಹಾರಬೇಕು. ಒಂದು ರೋಪ್ ಕೈಕೊಟ್ಟರೆ ಹಿಡಿಯಲು ಇನ್ನೊಂದು ಇರಲೇಬೇಕು ಎಂದಳು ಅವಳು. ಎರಡಾದರೆ ಕ್ಯಾಮೆರಾಗೆ ಕಾಣುತ್ತದೆ, ಬೆಳಕು ಬೇರೆ ಹೋಗುತ್ತಿದೆ, ಹಾರಿಸಿ ಎಂದರು ನಿರ್ದೇಶಕರು. ಮಾಸ್ಟರ್ ಡೂಪ್ ಸೊಂಟಕ್ಕೆ ಒಂದೇ ರೋಪಿನ ಕೊಂಡಿ ಸಿಕ್ಕಿಸಿದರು. ಅವಳು ಸೀದಾ ಹೋಗಿ ಡೂಪ್ ಸೊಂಟದ ಕೊಂಡಿ ಬಿಚ್ಚಿ, ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇನ್ನೊಂದು ರೋಪ್ ಬಂದ್ರೆ ಕೊಡ್ತೀನಿ. ಅರ್ಜೆಂಟಿದ್ರೆ ಸಾರೇ ಹಾರ್ಲಿ."

ಆ ಚಿತ್ರಕ್ಕೂ ಮ್ಯಾನೇಜರಾಗಿದ್ದ ಚಿಕ್ಕಪ್ಪ ಓಡಿಬಂದು, ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಬೇಡ ಎಂದು ಗೋಗರೆದರು. ಅವಳು ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ಗಡ್ಡದ ಡೂಪ್ ತಾವೂ ಬಂದು ಒಂದು ಮೆಟ್ಟಿಲು ಕೆಳಗೆ ಕೂತರು.

"ಮೇಡಂ ಹಾರು ಅನ್ನೋವರೆಗೂ ನಾನು ಹಾರಲ್ಲ ಸಾರ್."

ಬೆಳಕು ಹೋಯಿತು. ಅವಳ ಕೆಲಸವೂ ಹೋಯಿತು. ಮರುದಿನ ಎರಡು ರೋಪ್ ಕಟ್ಟಿಯೇ ಶಾಟ್ ತೆಗೆದರು, ಅವಳನ್ನು ಗೇಟಿನ ಹೊರಗಿಟ್ಟು.

ಚಿಕ್ಕಪ್ಪ ದೂರು ಹೊತ್ತು ಮನೆಗೆ ಬಂದರು. ಓದಿಸಿದ್ದೇ ತಪ್ಪಾಯಿತು ಅಣ್ಣ, ಇವಳಿಗಿನ್ನು ಯಾರೂ ಕೆಲಸ ಕೊಡುವುದಿಲ್ಲ ಎಂದು ಕೂಗಾಡಿದರು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮನನ್ನು ಬಿಟ್ಟು, ಅಮ್ಮನನ್ನೂ ಬಿಟ್ಟು, ಮಗಳ ಕಡೆಗೇ ತಿರುಗಿದರು.

"ಎರಡು ಯಾಕೆ ಕೇಳ್ದೆ? ಮೂರು ಕೇಳ್ಬೇಕಿತ್ತು."

ತಿಂಗಳುಗಟ್ಟಲೆ ಅವಳಿಗೆ ಕೆಲಸ ಸಿಗಲಿಲ್ಲ. ಆಮೇಲೆ ಡೂಪ್‌ಗಳೇ ಒಬ್ಬೊಬ್ಬರಾಗಿ, ರೋಪ್ ಅವಳು ಕಟ್ಟಿದರೆ ಮಾತ್ರ ಹಾರುತ್ತೇವೆ ಎನ್ನತೊಡಗಿದರು. ವಿಧಿಯಿಲ್ಲದೆ ಮಾಸ್ಟರ್ ಫೋನ್ ಮಾಡಿದರು. ಬರುತ್ತೇನೆ, ಆದರೆ ಹಾರುವುದು ಬೇಡ ಅನ್ನುವ ಅಧಿಕಾರ ನನ್ನದೇ ಇರಬೇಕು ಎಂದಳು. ಅವರು ಒಪ್ಪುವವರೆಗೂ ಫೋನ್ ಇಡಲಿಲ್ಲ. ಅವಳ ಸುದ್ದಿ ಎತ್ತಿದರೆ ಕೆಲವು ನಿರ್ಮಾಪಕರು ಈಗಲೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಿಕೊಳ್ಳಲಿ, ಅವರ ಮುಖ ಅವರದು ಎನ್ನುತ್ತಾಳೆ ಅವಳು.